ಕಿವಿಗೆ ಬಿದ್ದ ಹಕ್ಕಿಗಳು

ಜನವರಿಯ ಕೊನೆಯ ವಾರದಲ್ಲಿ ಸಾಲಾಗಿ ರಜೆ ಸಿಕ್ಕಿತೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ, ಕೊರಳಿಗೆ ದುರ್ಬೀನು, ಹೆಗಲಿಗೆ ಮೊಳದುದ್ದದ ಲೆನ್ಸಿನ ಕ್ಯಾಮೆರಾ ತೂಗುಹಾಕಿಕೊಂಡು, ಆಲ್ದೂರಿನ ಸಮೀಪದ ನಮ್ಮ ಕಾಫಿ ತೋಟವನ್ನು ಬೆಳಗಿನ ಆರೂವರೆಗೆ ಹೊಕ್ಕವನು ಒಂಬತ್ತಕ್ಕೆ ಹಿಂದಿರುಗಿದ. ಷರಾಯಿ ಮೊಣಕಾಲಿನವರೆಗೆ ಇಬ್ಬನಿಯಲ್ಲಿ ತೊಯ್ದಿತ್ತು. "ಮಾವ, ಬರೀ ಆರು ಹಕ್ಕಿ. ಅದರಲ್ಲಿ ಒಂದು ಕಾಗೆ" ಎಂದು ಜಗಲಿಯ ಮೆಟ್ಟಿಲಿನ ಮೇಲೆ ಕುಸಿದು ಕುಳಿತ. ಅದೇ ಎರಡೂವರೆ ಗಂಟೆಯಲ್ಲಿ ಬೆತ್ತದ ಕುರ್ಚಿಯಿಂದ ಏಳದೆ ಎರಡು ಲೋಟ ಕಾಫಿ ಮುಗಿಸಿದ್ದ ನನ್ನ ಲೆಕ್ಕದಲ್ಲಿ 14 ಜಾತಿಯ ಹಕ್ಕಿಗಳಿದ್ದವು. ಕಾಗೆಯೂ ಸೇರಿದಂತೆ ಅವುಗಳಲ್ಲಿ ಒಂದನ್ನೂ ನಾನು ಕಣ್ಣಿನಿಂದ ನೋಡಿರಲಿಲ್ಲ. ಹೇಳಿದರೆ ಹುಡುಗ ನೊಂದುಕೊಂಡಾನೆಂದು ಉಪ್ಪಿಟ್ಟು ತಿನ್ನುವವರೆಗೆ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

ಪಕ್ಷಿವೀಕ್ಷಣೆ ಎಂಬ ಪದವನ್ನು ಯಾರೋ ಬಯಲುಸೀಮೆಯ ಕೆರೆ ಏರಿಯ ಮೇಲೆ ನಿಂತು ಕಟ್ಟಿರಬೇಕು ಎಂಬುದು ನನ್ನ ಗುಮಾನಿ. ಅರಸೀಕೆರೆಯ ಕಡೆ ಹೋದರೆ ನಮ್ಮ ರಾಜ್ಯಪಕ್ಷಿ ನೀಲಕಂಠ ವಿದ್ಯುತ್ ತಂತಿಯ ಮೇಲೆ ತಾನಾಗಿಯೇ ಬಂದು ಕುಳಿತಿರುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಲ್ಲಿ ಬೆಳ್ಳಕ್ಕಿಗಳು ಹಾಜರಿ ಕೊಡಲು ನಿಂತ ಮಕ್ಕಳಂತೆ ಅಂಚಿನುದ್ದಕ್ಕೂ ಸಾಲುಗಟ್ಟಿರುತ್ತವೆ. ಮಲೆನಾಡಿನ ತೋಟದ ರೀತಿಯೇ ಬೇರೆ. ಮೇಲೆ ಸಿಲ್ವರ್ ಓಕ್, ಅತ್ತಿ, ಬಸರಿ, ಹಲಸುಗಳ ನೆರಳು, ಕೆಳಗೆ ತಲೆಯೆತ್ತರದ ಕಾಫಿ ಗಿಡ, ನಡುವೆ ಮಾತಾಡಿದರೆ ಬಾಯಿಗೇ ನುಗ್ಗುವ ಮಂಜು. ಇಂಥ ಕಡೆ ಹಕ್ಕಿ ಕಣ್ಣಿಗೆ ಬೀಳಲು ಕಾರಣವೇ ಇಲ್ಲ. ಅದಕ್ಕೂ ತನ್ನ ಜೋಡಿಯನ್ನು ಹುಡುಕಬೇಕಾದರೆ, ಇದು ನನ್ನ ಜಾಗ ಎಂದು ಸಾರಬೇಕಾದರೆ, ದನಿಯನ್ನೇ ನೆಚ್ಚಬೇಕು. ಹಾಗಿರುವಾಗ ನೋಡಲು ಹೋದ ನಮ್ಮ ಹುಡುಗ ಸೋತದ್ದರಲ್ಲಿ ಆಶ್ಚರ್ಯವಿಲ್ಲ.

ಕುಟ್ರು ಹಕ್ಕಿಯನ್ನೇ ತೆಗೆದುಕೊಳ್ಳಿ. ಗಂಟಲು ಸರಿಮಾಡಿಕೊಳ್ಳುವವರಂತೆ ಒಂದು 'ಟರ್‌ರ್' ಎಳೆದು, ಆಮೇಲೆ 'ಕುಟ್ರೂ, ಕುಟ್ರೂ, ಕುಟ್ರೂ' ಎಂದು ಶುರುಮಾಡಿದರೆ, ಪಂಪ್‌ಸೆಟ್ ಆರಿಸುವುದನ್ನು ಮರೆತು ಮನೆಗೆ ಹೋದಂತೆ, ಅದು ನಿಲ್ಲುವ ಲಕ್ಷಣವೇ ಕಾಣುವುದಿಲ್ಲ. ಒಂದು ಕೂಗಿದ್ದೇ ತಡ, ಹಳ್ಳದಾಚೆಯ ತೋಟದಿಂದ ಇನ್ನೊಂದು, ಅದರಾಚೆಯಿಂದ ಮತ್ತೊಂದು ಉತ್ತರ ಕೊಡುತ್ತವೆ. ದಕ್ಷಿಣ ಭಾರತದ ಪಶ್ಚಿಮ ಘಟ್ಟ ಮತ್ತು ಅದಕ್ಕೆ ಹೊಂದಿದ ಬೆಟ್ಟಸಾಲುಗಳನ್ನು ಬಿಟ್ಟರೆ ಈ ಬಿಳಿಗೆನ್ನೆಯ ಕುಟ್ರು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಆದರೆ ನಮ್ಮಲ್ಲಿ ಅದು ಎಷ್ಟು ಸಾಮಾನ್ಯವೆಂದರೆ ಬೇಸಿಗೆಯ ಮಧ್ಯಾಹ್ನ ಅದು ಕೂಗದಿದ್ದಾಗ ಮಾತ್ರ ನಾವು ಕಿವಿಗೊಡುತ್ತೇವೆ. ಇಷ್ಟು ಗದ್ದಲ ಮಾಡುವ ಪ್ರಾಣಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಹಣ್ಣು ತುಂಬಿದ ಬಸರಿ ಮರದ ಕೆಳಗೆ ಕತ್ತು ನೋಯುವ ತನಕ ನಿಂತಿದ್ದೆ. ತಲೆಯ ಮೇಲೆ ಅರ್ಧ ತಿಂದ ಹಣ್ಣುಗಳು ಉದುರುತ್ತಿದ್ದವು, ಕೂಗು ನೆತ್ತಿಯ ಮೇಲಿನಿಂದಲೇ ಬರುತ್ತಿತ್ತು, ಎಲೆಗಳನ್ನು ಬಿಟ್ಟು ಇನ್ನೇನೂ ಕಾಣಲಿಲ್ಲ. ಕೊನೆಗೆ ಅವುಗಳಲ್ಲಿ ಒಂದು ಎಲೆ ಕತ್ತು ತಿರುಗಿಸಿತು. ಹಸಿರು ಮೈ, ಕಂದು ಗೀರಿನ ತಲೆ, ಕಣ್ಣಿನ ಕೆಳಗೊಂದು ಬಿಳಿಯ ಪಟ್ಟಿ. ಕೊಕ್ಕನ್ನು ಹೆಚ್ಚು ತೆರೆಯದೆಯೇ ಅದು ಅಷ್ಟು ಸದ್ದು ಮಾಡುತ್ತಿತ್ತು.

ಕಿವಿಯಿಂದ ಹಕ್ಕಿ ಹಿಡಿಯುವುದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಮೂವತ್ತು ವರ್ಷಗಳಿಂದ ನಮ್ಮ ತೋಟದ ಕೆಲಸಕ್ಕೆ ಬರುತ್ತಿರುವ ಅಜ್ಜಿ. ಹಣ್ಣು ಕುಯ್ಯುವಾಗ ಆಕೆಯ ಕಣ್ಣು, ಕೈ ಎರಡೂ ಗಿಡದಲ್ಲಿರುತ್ತವೆ. ಬಿಡುವಿರುವುದು ಕಿವಿಗೆ ಮಾತ್ರ. ಪೊದೆಯೊಳಗಿನಿಂದ ನೀರು ಗುಳುಗುಳಿಸಿದಂತೆ ಬರುವ ಒಂದು ಕೂಗು, ಅದರ ತುದಿಗೆ ಅಂಟಿಕೊಂಡಂತೆ ಒಂದು ಚಿಕ್ಕ 'ಕ್ರೂಕ್' ಸದ್ದನ್ನು ನಾನು ಒಂದೇ ಹಕ್ಕಿಯದೆಂದು ಬಹಳ ವರ್ಷ ನಂಬಿದ್ದೆ. "ಅದು ಒಂದಲ್ಲ ಮೇಷ್ಟ್ರೇ, ಗಂಡ ಹೆಂಡ್ತಿ. ಅವನು ಕೇಳ್ತಾನೆ, ಅವಳು ಹೂಂ ಅಂತಾಳೆ" ಎಂದು ಅಜ್ಜಿ ಒಂದು ದಿನ ತಿದ್ದಿದರು. ಕುಡುಗೋಲಿನಂತೆ ಬಾಗಿದ ಹಳದಿ ಕೊಕ್ಕಿನ ಆ ಹರಟೆಮಲ್ಲಗಳು ಜೋಡಿಯಾಗಿ, ನಡುವೆ ಉಸಿರಾಡುವಷ್ಟೂ ತೆರಪಿಲ್ಲದಂತೆ, ಒಂದೇ ಹಾಡನ್ನು ಹಂಚಿಕೊಂಡು ಹಾಡುತ್ತವೆ ಎಂಬುದನ್ನು ಆಮೇಲೆ ನಾನು ಓದಿಯೂ ತಿಳಿದುಕೊಂಡೆ. ಆದರೆ ಹೂಂ ಅನ್ನುವವಳು ಒಮ್ಮೊಮ್ಮೆ ಸುಮ್ಮನಾದಾಗ ಕೇಳಿದವನು ಮತ್ತೆ ಮತ್ತೆ ಕೇಳುತ್ತಾನಲ್ಲ, ಅದು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಲಿಲ್ಲ. ನಮ್ಮ ಹಿತ್ತಿಲಿನಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತದೆ.

ಕೆಂಬೂತದ ವಿಷಯದಲ್ಲಿ ಗಾದೆ ಕಟ್ಟಿದವರು ಅನ್ಯಾಯ ಮಾಡಿದ್ದಾರೆ. ನವಿಲನ್ನು ನೋಡಿ ಪುಕ್ಕ ತರಿದುಕೊಂಡ ಬೆಪ್ಪು ಎಂಬ ಅಪಖ್ಯಾತಿಯನ್ನು ಅದರ ತಲೆಗೆ ಕಟ್ಟಿದವರು ಅದನ್ನು ನೋಡಿಯಷ್ಟೇ ತೀರ್ಮಾನಿಸಿದರೆಂದು ಕಾಣುತ್ತದೆ. ಮಂಜಿನಲ್ಲಿ ಕುಳಿತು ಕೇಳಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ದೊಡ್ಡ ಹಂಡೆಯನ್ನು ಯಾರೋ ಒಳಗಿನಿಂದ ಬಡಿದಂತೆ 'ಗುಪ್, ಗುಪ್, ಗುಪ್' ಎಂದು ಇಳಿಯುತ್ತ ಬರುವ ಆ ದನಿ ಎದೆಗೂಡಿಗೇ ತಾಗುತ್ತದೆ. ಎತ್ತ ಕಡೆಯಿಂದ ಬಂತೆಂದು ಮಾತ್ರ ತಿಳಿಯುವುದಿಲ್ಲ. ಕೋಗಿಲೆಯ ಕುಲದಲ್ಲಿ ಹುಟ್ಟಿಯೂ ಪರರ ಗೂಡಿನಲ್ಲಿ ಮೊಟ್ಟೆಯಿಡದೆ, ತಾನೇ ಗೂಡು ಕಟ್ಟಿ ಮರಿ ಸಾಕುವ ಈ ಹಕ್ಕಿಗೆ ಒಂದು ಒಳ್ಳೆಯ ಗಾದೆ ಸಲ್ಲಬೇಕಿತ್ತು.

ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವನಿಗೆ ಎಲ್ಲಕ್ಕಿಂತ ಹೆಚ್ಚು ಮುಜುಗರ ತಂದದ್ದು ಸಿಳ್ಳೆ ಹಕ್ಕಿ. ಮುಂಗಾರು ಹಿಡಿದು ಮುಳ್ಳಯ್ಯನಗಿರಿಯ ಕಡೆಯ ಬೆಟ್ಟಗಳೆಲ್ಲ ಕಾಣದಂತಾದಾಗ, ಇನ್ನೂ ಬೆಳಕು ಹರಿಯುವ ಮುನ್ನ, ತುಂಬಿದ ಹಳ್ಳದ ಭೋರೆಂಬ ಸದ್ದನ್ನೂ ಮೀರಿ ಅದರ ಸಿಳ್ಳೆ ಕೇಳುತ್ತದೆ. ಅದನ್ನು ಹಾಡೆನ್ನುವುದು ಕಷ್ಟ. ರಾಗ ಗೊತ್ತಿಲ್ಲದ, ಗೊತ್ತಿಲ್ಲವೆಂಬ ಚಿಂತೆಯೂ ಇಲ್ಲದ ಹುಡುಗನೊಬ್ಬ ದಾರಿಯಲ್ಲಿ ಹೋಗುತ್ತ ತೋಚಿದಂತೆ ಸಿಳ್ಳೆ ಹಾಕಿದ ಹಾಗೆ ಅದು ಏರುತ್ತದೆ, ಇಳಿಯುತ್ತದೆ, ನಡುವೆ ಎಲ್ಲೋ ಕೈಬಿಟ್ಟು ಮತ್ತೆ ಎತ್ತಿಕೊಳ್ಳುತ್ತದೆ. ಇಂಗ್ಲಿಷರು ಇದಕ್ಕೆ ಸಿಳ್ಳೆ ಹೊಡೆಯುವ ಶಾಲಾಬಾಲಕ ಎಂದೇ ಅಡ್ಡಹೆಸರಿಟ್ಟರು. ನಾನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ, ಘಟ್ಟದ ಅಂಚಿನ ಒಂದು ಶಾಲೆಯಲ್ಲಿ, ವ್ಯಾಕರಣದ ಪಾಠದ ನಡುವೆ ಹಿಂದಿನ ಕಿಟಕಿಯ ಕಡೆಯಿಂದ ಸಿಳ್ಳೆ ಬಂದಿತೆಂದು ಕೊನೆಯ ಬೆಂಚಿನ ಇಬ್ಬರು ಹುಡುಗರನ್ನು ಗಂಟೆ ಹೊಡೆಯುವವರೆಗೆ ನಿಲ್ಲಿಸಿದ್ದೆ. ಅವರು ನಿಂತ ಮೇಲೂ ಸಿಳ್ಳೆ ಬಂತು. ಆಗ ನಾನು ಏನು ಮಾಡಿದೆನೆಂದು ಇಲ್ಲಿ ಬರೆಯುವುದು ಬೇಡ. ಕೂರಲು ಮಾತ್ರ ಹೇಳಲಿಲ್ಲ. ಕಪ್ಪೆಂದು ತೋರುವ ಆ ಹಕ್ಕಿಯ ಹಣೆ ಮತ್ತು ಭುಜಗಳ ಮೇಲೆ ಬೆಳಕು ಬಿದ್ದಾಗ ಹೊಳೆಯುವ ನೀಲಿಯಿದೆ ಎಂಬುದನ್ನು ನೋಡಲು ನನಗೆ ಮತ್ತೆ ಹನ್ನೊಂದು ವರ್ಷ ಬೇಕಾಯಿತು.

ಅಳಿಯನ ಬಳಿ ಇದಕ್ಕೆಲ್ಲ ಮದ್ದಿತ್ತು. ಮರುದಿನ ಬೆಳಿಗ್ಗೆ ಅವನು ತೋಟಕ್ಕೆ ಹೋಗಲಿಲ್ಲ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ಒಂದನ್ನು ಫೋನಿನಲ್ಲಿ ತೆರೆದು ಜಗಲಿಯ ಕಟ್ಟೆಯ ಮೇಲಿಟ್ಟು ನನ್ನ ಪಕ್ಕ ಕುಳಿತ. ಪಿಕಳಾರ, ಮಡಿವಾಳ, ಕುಟ್ರು ಎಲ್ಲವನ್ನೂ ಅದು ನನಗಿಂತ ಚುರುಕಾಗಿ ಹೇಳಿತೆಂದು ಒಪ್ಪಿಕೊಳ್ಳುತ್ತೇನೆ. ನಂತರ ಎದುರಿನ ಹಾಲುವಾಣದ ಮರದಿಂದ ಹಾವು ಹಿಡಿಯುವ ಗಿಡುಗದ ಕೂಗು ಬಂತು, ಹಿಂದೆಯೇ ಶಿಕ್ರದ ಕೂಗು, ಹಿಂದೆಯೇ ಹರಟೆಮಲ್ಲಗಳ ಕಚಪಿಚ, ಎಲ್ಲಕ್ಕೂ ಕೊನೆಗೆ ಗಾಬರಿಯಾದ ಅಳಿಲಿನ ಚಿಟಿಚಿಟಿ. ಫೋನು ಗಿಡುಗ ಎಂದಿತು, ಶಿಕ್ರ ಎಂದಿತು. ಹುಡುಗ ಕ್ಯಾಮೆರಾ ಎತ್ತಿಕೊಂಡು ಅಂಗಳಕ್ಕೆ ಹಾರಿದ. ಮರದಲ್ಲಿದ್ದುದು ಒಬ್ಬನೇ ಭೀಮರಾಜ. ಬಾಲದ ತುದಿಯ ಎರಡು ತಂತಿಗಳ ಕೊನೆಯ ಪುಕ್ಕಗಳು ಎರಡು ದುಂಬಿಗಳು ಬೆನ್ನು ಹತ್ತಿದಂತೆ ಅದರ ಹಿಂದೆ ಹಾರಾಡುತ್ತಿದ್ದವು. ಬೇರೆ ಹಕ್ಕಿಗಳ ದನಿಯನ್ನು ಕದಿಯುವುದರಲ್ಲಿ ಅದನ್ನು ಮೀರಿಸುವವರು ನಮ್ಮ ಕಾಡಿನಲ್ಲಿ ಇಲ್ಲ. ಹುಳು ಹುಡುಕುತ್ತ ಮರದಿಂದ ಮರಕ್ಕೆ ಸಾಗುವ ಬೆರಕೆ ಗುಂಪುಗಳ ಜೊತೆ ಹೋಗುವ ಈ ಹಕ್ಕಿ, ಆ ಗುಂಪಿನವರ ದನಿಯನ್ನೇ ಅನುಕರಿಸಿ ಅವರನ್ನು ಒಟ್ಟಿಗೆ ಸೇರಿಸುತ್ತದೆ. ಉಳಿದವು ಕೆದಕಿ ಎಬ್ಬಿಸಿದ ಹುಳುಗಳಲ್ಲಿ ತನ್ನ ಪಾಲನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಫೋನನ್ನು ದೂರಿ ಪ್ರಯೋಜನವಿಲ್ಲ. ಇಂಥ ಆ್ಯಪ್‌ಗಳು ದನಿಯನ್ನು ಏರಿಳಿತದ ಒಂದು ಚಿತ್ರವನ್ನಾಗಿ ಮಾಡಿಕೊಂಡು, ಆ ಚಿತ್ರವನ್ನು ತಮಗೆ ಗೊತ್ತಿರುವ ಚಿತ್ರಗಳೊಂದಿಗೆ ಹೋಲಿಸುತ್ತವೆ ಎಂದು ಹುಡುಗನೇ ವಿವರಿಸಿದ. ಅಂದರೆ ಅದೂ ಕೇಳುವುದಿಲ್ಲ, ಅವನ ಹಾಗೆ ನೋಡುತ್ತದೆ.

ಹೀಗೆ ಬೀಗುತ್ತಿದ್ದ ನನ್ನ ಕಿವಿಯ ಲೆಕ್ಕ ತಪ್ಪಿದ್ದು ಫೆಬ್ರವರಿಯಲ್ಲಿ. ಹಲಸಿನ ಕೊಂಬೆಗೆ ಅಂಟಿ ಬೆಳೆದ ಬದನಿಕೆ ಎಂಬ ಪರಾವಲಂಬಿ ಗಿಡದಲ್ಲಿ ಹೆಬ್ಬೆಟ್ಟಿನಷ್ಟು ಗಾತ್ರದ ಹಕ್ಕಿಯೊಂದು ಹಣ್ಣು ನುಂಗುತ್ತಿತ್ತು. ಬದನಿಕೆಯ ಅಂಟುಬೀಜವನ್ನು ಕೊಂಬೆಯಿಂದ ಕೊಂಬೆಗೆ ದಾಟಿಸುವುದರಿಂದ ಅದಕ್ಕೆ ಬದನಿಕೆ ಹಕ್ಕಿ ಎಂದೇ ಹೆಸರು. ಅದರ ಕೊಕ್ಕು ತೆರೆದು ಮುಚ್ಚುತ್ತಿತ್ತು. ಸದ್ದಿರಲಿಲ್ಲ. "ಎಷ್ಟು ಚಿಕ್ ಚಿಕ್ ಅಂತದೆ ನೋಡಿ" ಎಂದು ಅಜ್ಜಿ ಹೇಳಿದಾಗ ನಾನು ಹೂಂ ಎಂದೆ. ಮರುವಾರ ಹಾಸನದ ಕಿವಿ ವೈದ್ಯರು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನನಗೆ ಎಷ್ಟು ಕೇಳಿಸಿತೆಂದು ಕಾಗದದ ಮೇಲೆ ಒಂದು ಗೆರೆ ಮೂಡಿತು. ಎಡಗಡೆ 250 ಹರ್ಟ್ಸ್‌ನ ತಗ್ಗಿನ ಸ್ವರದಿಂದ ಬಲಗಡೆ 8,000 ಹರ್ಟ್ಸ್‌ನ ಎತ್ತರದ ಸ್ವರದವರೆಗಿನ ಆ ಗೆರೆ ಬಲಕ್ಕೆ ಹೋದಂತೆ ಚಾರ್ಮಾಡಿಯ ರಸ್ತೆಯಂತೆ ಇಳಿದಿತ್ತು. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಸ್ವರಗಳೇ. ಅವುಗಳನ್ನು ಹಿಡಿಯುವ ಒಳಗಿವಿಯ ರೋಮಕೋಶಗಳು ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ. ಕೋಳಿಮರಿ ಮತ್ತು ಲಾವಕ್ಕಿಗಳ ಕಿವಿಯಲ್ಲಿ ಇದನ್ನು ವಿಜ್ಞಾನಿಗಳು 1988ರಲ್ಲಿ ತೋರಿಸಿಕೊಟ್ಟರು. ಸಿಳ್ಳೆ ಹಾಕುವವನಿಗೆ ಹೊಸ ಕಿವಿ, ಮೇಷ್ಟ್ರಿಗೆ ಇಲ್ಲ. ಕೆಂಬೂತವಂತೂ ಬಹುಕಾಲ ನನ್ನ ಜೊತೆಗಿರುತ್ತದೆ. ಅದರ ದನಿ ಆ ಗೆರೆಯ ಎಡ ತುದಿಯಲ್ಲಿದೆ.

ಇನ್ನು ನವರಂಗ. ಹುಡುಗ ಬಂದಿದ್ದೇ ಅದರ ಫೋಟೋಕ್ಕಾಗಿ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ರಾತ್ರಿಯ ಹೊತ್ತು ಹಾರಿ ದಕ್ಷಿಣಕ್ಕೆ ಬರುವ ಹಕ್ಕಿಯದು. ಅಕ್ಟೋಬರಿನ ಒಂದು ಸಂಜೆ ಹಿತ್ತಿಲಿನ ಆಚೆಯಿಂದ ಎರಡೇ ಸ್ವರದ ಸ್ಪಷ್ಟವಾದ ಸಿಳ್ಳೆ ಕೇಳಿತೆಂದರೆ ಬಂದಾಯಿತೆಂದು ಲೆಕ್ಕ. ಆಮೇಲೆ ಏಪ್ರಿಲ್‌ವರೆಗೆ ಬೆಳಗಿನ ಆರಕ್ಕೊಮ್ಮೆ, ಸಂಜೆಯ ಆರಕ್ಕೊಮ್ಮೆ ಅದು ರುಜು ಹಾಕುತ್ತದೆ. ತಮಿಳಿನಲ್ಲಿ ಅದಕ್ಕೆ ಆರು ಗಂಟೆಯ ಹಕ್ಕಿ ಎಂದೇ ಹೆಸರಿದೆ. ಹುಡುಗ ಮೂರು ಸಂಜೆ ಆ ಸಿಳ್ಳೆಯ ಹಿಂದೆ ಹೋದ, ಮೂರು ಸಂಜೆಯೂ ಅದು ಸುಮ್ಮನಾಯಿತು.

ಮಾರ್ಚಿನ ಮೊದಲ ವಾರ, ಕಾಫಿ ಗಿಡಗಳಲ್ಲಿ ಹೂ ಅರಳಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದಾಗ, ನಾನು ಬಚ್ಚಲುಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದೆ. ಹತ್ತು ಅಡಿ ದೂರದ ಕಾಫಿ ಗಿಡದ ಬುಡದಲ್ಲಿ ಒಣಗಿದ ಒಂದು ಹಲಸಿನೆಲೆ ತಾನಾಗಿ ಮಗುಚಿತು. ಪಕ್ಕದ ಎಲೆಯೂ ಮಗುಚಿತು. ಎಲೆಗಳ ಸರಪರ ಕೇಳಿಸಬೇಕಾದಷ್ಟು ಹತ್ತಿರವಿದ್ದರೂ ನನಗೆ ಕೇಳಿಸಲಿಲ್ಲ. ಆಚೆಯಿಂದ ಕುಪ್ಪಳಿಸಿ ಬಂದದ್ದು ಬಾಲವೇ ಇಲ್ಲವೆನ್ನುವಂಥ ದುಂಡು ಹಕ್ಕಿ. ಕಣ್ಣಿನ ಮೇಲೆ ಕಾಡಿಗೆ ತೀಡಿದ ಅಗಲವಾದ ಕಪ್ಪು ಪಟ್ಟಿ, ಬಿಳಿಯ ಗಂಟಲು, ಹಸಿರು ಬೆನ್ನು, ರೆಕ್ಕೆಯ ಮಡಿಕೆಯಲ್ಲಿ ತುಂಡು ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದಂತೆ ಕೆಂಪು. ಮೋಟು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಅದು ಎಲೆಯ ಅಡಿಯಿಂದ ಒಂದು ಎರೆಹುಳುವನ್ನು ಎಳೆಯಿತು, ಹುಳು ಎಳೆದಷ್ಟೂ ಉದ್ದವಾಯಿತು, ಹಕ್ಕಿ ಹಿಂದಕ್ಕೆ ಜರುಗಿ ಕಾಲೂರಿ ಮತ್ತೆ ಎಳೆಯಿತು.

ಹುಳು ಮುಗಿಸಿ ಗಿಡದ ಬುಡದ ಕಲ್ಲಿನ ಮೇಲೆ ಹತ್ತಿ ನಿಂತು, ಕೊಕ್ಕು ಆಕಾಶಕ್ಕೆ ನೆಟ್ಟಗಾಗುವಷ್ಟು ಕತ್ತನ್ನು ಹಿಂದಕ್ಕೆ ಬಾಗಿಸಿತು. ಎರಡು ಸ್ವರ. ಅವು ನನ್ನ ಗೆರೆಯ ಇಳಿಜಾರಿನಿಂದ ಈಚೆಗೇ ಇವೆ. ಒಳಗಿನಿಂದ ನನ್ನಾಕೆ "ರೀ, ಕಾಫಿ ಆರ್ತಾ ಇದೆ" ಎಂದು ಬಾಗಿಲಿಗೆ ಬಂದಳು. ನಾನು ತಿರುಗದೆ ಕೈಯನ್ನಷ್ಟೇ ಎತ್ತಿದೆ. ಅವಳೂ ಲೋಟ ಹಿಡಿದುಕೊಂಡು ಅಲ್ಲಿಯೇ ನಿಂತಳು. ಒಳಗೆ ಗೋಡೆಯ ಗಡಿಯಾರ ಆರು ಹೊಡೆಯಲು ಶುರುಮಾಡಿತು. ನವರಂಗ ಎರಡು ನಿಮಿಷ ಮುಂದಿತ್ತು.