ಗೆದ್ದ ಕಾಕಾನ ಸಿಟ್ಟು, ದಂಡ ಕಟ್ಟಿದ ನನ್ನ ಸಮಾಧಾನ

ನ್ಯೂಜೆರ್ಸಿಯ ಒಂದು ಮುನ್ಸಿಪಲ್ ಕೋರ್ಟಿನಲ್ಲಿ ದಂಡ ಕಟ್ಟಿ ಹೊರಗೆ ಬಂದೆ. ಬೇಜಾರೇ ಆಗಲಿಲ್ಲ. ಇದೇನಪ್ಪಾ ಅನ್ನಿಸಿತು. ಕಾರು ಅಜಾಗರೂಕತೆಯಿಂದ ಓಡಿಸಿದ ಕೇಸು, ಕೊಲೆ ದರೋಡೆ ಏನಲ್ಲ. ಆದರೂ ಕೋರ್ಟು ಕೋರ್ಟೇ, ಅಲ್ವಾ? ಶುರುವಿಗೇ ಜಡ್ಜ್ ಅಲ್ಲಿ ಕೂತವರಿಗೆಲ್ಲ ಹಕ್ಕುಗಳನ್ನು ತಿಳಿಸಿದರು. ವಕೀಲರನ್ನು ಇಟ್ಟುಕೊಳ್ಳಬಹುದು, ಬಾಯಿ ಬಿಡದೆ ಇರಬಹುದು, ತಪ್ಪಿಲ್ಲ ಅಂತ ವಾದಿಸಬಹುದು. ನನ್ನ ಸರದಿ ಬಂದಾಗ ಹೆಸರು ಹೇಗೆ ಹೇಳಬೇಕು ಅಂತ ನನ್ನನ್ನೇ ಕೇಳಿದರು. ಒಪ್ಪಿಕೋ ಅಂತ ಯಾರಾದರೂ ಒತ್ತಾಯ ಮಾಡಿದರಾ? ಒಪ್ಪಿಕೊಂಡರೆ ಏನಾಗುತ್ತೆ ಗೊತ್ತಾ? ಏನಾದರೂ ಹೇಳೋದಿದೆಯಾ? ನನಗೆ ಹೇಳೋಕೆ ಏನೂ ಇರಲಿಲ್ಲ. ಆದರೆ ಕೇಳಿದರಲ್ಲ!

ನವಲಗುಂದ ಕಡೆಯ ನಮ್ಮ ಕಾಕಾನಿಗೆ ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿದೆ. ಕಾಕಾ ಉರಿದುಬಿದ್ದ. "ನಿನಗ ದಂಡ ಹಾಕ್ಯಾರ, ನೀ ಕುಣ್ಯಾಕತ್ತಿ. ನನ್ನ ಬಿಟ್ಟ ಕಳಿಸ್ಯಾರ, ನನಗಿನ್ನೂ ಹೊಟ್ಟಿ ಉರೀತೈತಿ."

ಬದುವಿನ ಜಗಳ ಅವನದು. ಕುಡಗೋಲು ಬೀಸಿದ ಅಂತ ಪಕ್ಕದ ಹೊಲದವರು ಕೇಸು ಹಾಕಿದ್ದರು. ವರ್ಷಗಟ್ಟಲೆ ತಾರೀಖು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ಪಟ್ಟೇವಾಲಾ ಹೆಸರು ಕೂಗಿದರೆ ಕೈಮುಗಿದು ಮುಂದೆ ಹೋಗೋದು, ವಕೀಲರು ಅರ್ಧ ಇಂಗ್ಲಿಷಿನಲ್ಲಿ ಏನೋ ಅನ್ನೋದು, ಹೊಸ ತಾರೀಖು ಹಿಡಿದು ಬಸ್ ಹತ್ತೋದು.

ಆರೋಪಿ ತಾನೇ ಮಾತಾಡಲಿ ಅಂತ ನಮ್ಮ ಕಾನೂನಿನಲ್ಲೂ ಒಂದು ಜಾಗ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ, 2024ರ ಜುಲೈನಿಂದ ಹೊಸ ಸಂಹಿತೆಯ 351. ಸಾಕ್ಷಿಗಳು ನಿನ್ನ ವಿರುದ್ಧ ಹೀಗೆ ಹೇಳಿದ್ದಾರೆ, ನೀನೇನಂತೀ ಅಂತ ಜಡ್ಜ್ ನೇರವಾಗಿ ಕೇಳಬೇಕು. ಕಾಕಾನನ್ನೂ ಕೇಳಿದರು. ಆದರೆ ವಕೀಲರು ಮೊದಲೇ ಪಾಠ ಮಾಡಿದ್ದರು: ಎಲ್ಲದಕ್ಕೂ ಸುಳ್ಳು ಅನ್ರಿ, ಹೆಚ್ಚಿಗಿ ಮಾತಾಡಬ್ಯಾಡ್ರಿ. ಒಂದೊಂದೇ ಪ್ರಶ್ನೆ ಓದಿದ ಹಾಗೆ "ಸುಳ್ಳು ರೀ, ಸುಳ್ಳು ರೀ" ಅಂದ. ಬದು ಯಾರು ಒಡೆದರು, ಮೊದಲು ಕೈ ಮಾಡಿದ್ದು ಯಾರು, ಯಾವುದೂ ಬಾಯಿಂದ ಹೊರಗೆ ಬರಲಿಲ್ಲ.

ತೀರ್ಪಿನ ದಿನ ಜಡ್ಜ್ ಒಂದು ಮಾತು ಹೇಳಿ ಸಹಿ ಹಾಕಿದರು. ವರಾಂಡಕ್ಕೆ ಬಂದ ಮೇಲೆ ವಕೀಲರು "ಬಿಡುಗಡಿ ಆತು, ನಡೀರಿ" ಅಂದರು. "ಹಂಗಾರ ನಾ ಹೊಡದಿಲ್ಲ ಅಂತ ಸಾಹೇಬ್ರು ಅಂದ್ರೇನು?" ಅಂತ ಕಾಕಾ ಕೇಳಿದ್ದ. ಹಾಗೇನೂ ಅಂದಿರಲಿಲ್ಲ. ಆರೋಪ ಪಕ್ಕಾ ಸಾಬೀತಾಗಲಿಲ್ಲ ಅಂತ ಸಂಶಯದ ಲಾಭ ಕೊಟ್ಟಿದ್ದರು ಅಷ್ಟೇ.

ಟಾಮ್ ಟೈಲರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಶಿಕಾಗೋ ಜನರನ್ನು ಮಾತಾಡಿಸಿ 1990ರಲ್ಲೇ ಬರೆದಿದ್ದಾನೆ: ಸೋಲು ಗೆಲುವಿಗಿಂತ ತಮ್ಮನ್ನು ಹೇಗೆ ನಡೆಸಿಕೊಂಡರು ಅನ್ನೋದೇ ಜನರಿಗೆ ಜಾಸ್ತಿ ಮುಖ್ಯ ಅಂತ. ನಮ್ಮ ಕಾಕಾನ ಪಕ್ಕ ಹತ್ತು ನಿಮಿಷ ಕೂತಿದ್ದರೆ ಅವನ ಕೆಲಸ ಬೇಗ ಮುಗಿಯುತ್ತಿತ್ತು.

ಬೆಂಗಳೂರಿಗೆ ಅಲೆಯೋದು ತಪ್ಪಲಿ ಅಂತ ನಮ್ಮ ಜನ ಹೋರಾಡಿ ಧಾರವಾಡಕ್ಕೆ ಹೈಕೋರ್ಟ್ ಪೀಠ ತಂದರು. 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ. ನಾನೂರು ಕಿಲೋಮೀಟರ್ ದೂರ ಕಮ್ಮಿಯಾಯಿತು. ಕೆಳಗಿನ ಕೋರ್ಟಿನಲ್ಲಿ ಹಿಂದಿನ ಗೋಡೆಗೂ ಜಡ್ಜ್ ಮೇಜಿಗೂ ನಡುವಿನ ಹತ್ತು ಹೆಜ್ಜೆ ಮಾತ್ರ ಹಾಗೇ ಉಳಿದಿದೆ.

ಇಷ್ಟೆಲ್ಲ ಬೈದ ಮೇಲೆ ಒಂದು ವಿಷಯ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ನನ್ನ ಕೇಸು ನಿಜವಾಗಿ ಮುಗಿದದ್ದು ಜಡ್ಜ್ ಮುಂದೆ ಅಲ್ಲ. ಅದಕ್ಕೂ ಮೊದಲು ಸರ್ಕಾರಿ ವಕೀಲರು ಪಕ್ಕಕ್ಕೆ ಕರೆದು, ಸಣ್ಣ ಆರೋಪ ಒಪ್ಪಿಕೊಂಡರೆ ಲೈಸೆನ್ಸಿಗೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬೀಳಲ್ಲ ಅಂದಿದ್ದರು. ದಂಡದ ಮೇಲೆ 250 ಡಾಲರ್ ಸರ್ಚಾರ್ಜ್ ಸೇರಿಸಿ ಕಟ್ಟಿದೆ. ಅಮೆರಿಕದ ಕ್ರಿಮಿನಲ್ ಕೇಸುಗಳಲ್ಲಿ ಬಹುಪಾಲು ಹೀಗೆ ವಿಚಾರಣೆಯೇ ಇಲ್ಲದೆ ಮುಗಿಯುತ್ತವೆ. ಜೈಲಿಗೆ ಹೋಗೋರೂ ಹೀಗೇ ಒಪ್ಪಿಕೊಂಡು ಹೋಗುತ್ತಾರೆ. ನನ್ನ ಕೇಸಿನಲ್ಲಿ ಒಬ್ಬ ಸಾಕ್ಷಿಯೂ ಬಾಯಿ ತೆರೆಯಲಿಲ್ಲ. ಕಾಕಾನ ಕೋರ್ಟಿನಲ್ಲಿ ಪ್ರತಿಯೊಬ್ಬ ಸಾಕ್ಷಿಯನ್ನೂ ಕರೆಸಿದರು, ಪಾಟೀ ಸವಾಲು ನಡೆಯಿತು, ಪುರಾವೆ ಸಾಲದು ಅಂದಾಗ ಬಿಟ್ಟರು. ಕಾನೂನಿನ ಲೆಕ್ಕದಲ್ಲಿ ಅವನಿಗೆ ಸಿಕ್ಕ ನ್ಯಾಯವೇ ದೊಡ್ಡದು.

ಹೌದು, ನಮ್ಮ ಜಡ್ಜ್‌ಗಳ ಮೇಜಿನ ಮೇಲೆ ಫೈಲುಗಳ ರಾಶಿ ಇರುತ್ತೆ, ಅದೂ ಗೊತ್ತು. ಆದರೂ ಅವತ್ತು ಕಾಕಾನ ಕಡೆ ತಿರುಗಿ, "ನಿಮ್ಮ ಮೇಲಿನ ಆರೋಪಕ್ಕೆ ಪುರಾವೆ ಸಿಗಲಿಲ್ಲ, ನೀವಿನ್ನು ಮನೆಗೆ ಹೋಗಬಹುದು" ಅಂತ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಗುಮಾಸ್ತರು ಮುಂದಿನ ಫೈಲು ಬಿಚ್ಚುವಷ್ಟರಲ್ಲಿ ಹೇಳಿ ಮುಗಿಯುತ್ತಿತ್ತು.