ಉತ್ತರ ಮೊದಲು, ಪ್ರಯೋಗ ಆಮೇಲೆ

ಬಿ.ಎಸ್‌ಸಿ ಪ್ರಾಕ್ಟಿಕಲ್‌ನಲ್ಲಿ ಒಂದು ಅನುಕೂಲವಿದೆ. ಪ್ರಯೋಗ ಶುರುವಾಗುವ ಮುಂಚೆಯೇ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಗುರುತ್ವ ಅಂದರೆ ಸೆಂಟಿಮೀಟರ್ ಲೆಕ್ಕದಲ್ಲಿ 980. ಸೋಡಿಯಂ ಬೆಳಕಿನ ತರಂಗದೂರ ಅಂದರೆ 5893 ಆಂಗ್‌ಸ್ಟ್ರಾಮ್. ಕಷ್ಟವೆಲ್ಲ ಇರುವುದು ಆ ಉತ್ತರಕ್ಕೆ ಹೋಗಿ ಮುಟ್ಟುವಂಥ ರೀಡಿಂಗ್ ಹೊಂದಿಸುವುದರಲ್ಲಿ. ಮೂರು ವರ್ಷದಲ್ಲಿ ನಾವು ಕಲಿತ ವಿಜ್ಞಾನದ ಅರ್ಧಪಾಲು ಇದೇ ಅಂದರೂ ತಪ್ಪಿಲ್ಲ.

ನಾನು ಓದಿದ್ದು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ, ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಆಗ ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು "ಯಾಕೆ, ಇಂಜಿನಿಯರಿಂಗ್ ಸೀಟ್ ಸಿಗ್ಲಿಲ್ವಾ?" ಅಂತ ಕೇಳಿಯೇ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಿದ್ದರು. ಪಾಯಸ ಬರುವ ಹೊತ್ತಿಗೆ ಮಾತು ಬೇರೆ ಕಡೆ ತಿರುಗುತ್ತಿತ್ತು. "ಫಿಸಿಕ್ಸ್ ಅಂದ್ಯಲ್ಲ ಮಾರಾಯ, ನಮ್ಮ ತೋಟದ ಮೋಟಾರ್ ಯಾಕೋ ನೀರೇ ಎತ್ತುತ್ತಿಲ್ಲ, ಒಂಚೂರು ನೋಡು." ದ್ರವದ ಹರಿವಿನ ಬರ್ನೌಲಿ ಸಮೀಕರಣ ನನಗೆ ಬಾಯಿಪಾಠ. ಫುಟ್‌ವಾಲ್ವ್ ಎಲ್ಲಿರುತ್ತದೆ ಅಂತ ಮಾತ್ರ ತೋಟದ ಕೆಲಸದವರನ್ನೇ ಕೇಳಬೇಕಿತ್ತು.

ಲ್ಯಾಬಿನಲ್ಲಿ ಮೊದಲು ಸಿಗುವುದು ಗುರುತ್ವ ಅಳೆಯುವ ಲೋಲಕ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವುದು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಒತ್ತುವುದು. ಇದರಲ್ಲಿ ಕೆಡಿಸೋಕೆ ಏನಿದೆ ಅನ್ನಬೇಡಿ. ನಮ್ಮ ಬ್ಯಾಚಿನ ಗೆಳೆಯನೊಬ್ಬನಿಗೆ 1086 ಬಂತು. ಮೇಷ್ಟ್ರು ರೆಕಾರ್ಡ್ ನೋಡಿ, "ಇದನ್ನ ಭೂಮಿ ಮೇಲೆ ನಿಂತ್ಕೊಂಡೇ ಮಾಡಿದ್ದೇನಯ್ಯಾ?" ಅಂದರು. ಆಮೇಲೆ ಗೊತ್ತಾಗಿದ್ದು, ಅವನು ವಾಚ್ ಒತ್ತುವಾಗ "ಸೊನ್ನೆ" ಅನ್ನುವ ಬದಲು "ಒಂದು" ಅಂದಿದ್ದ. ಬಾಯಲ್ಲಿ ಇಪ್ಪತ್ತು ಬರುವ ಹೊತ್ತಿಗೆ ಗುಂಡು ಆಡಿದ್ದು ಹತ್ತೊಂಬತ್ತೇ ಸಲ. ಅಷ್ಟಕ್ಕೇ ಭೂಮಿಯ ಸೆಳೆತ ಶೇಕಡಾ ಹನ್ನೊಂದರ ಹತ್ತಿರ ಏರಿಬಿಟ್ಟಿತ್ತು. (ಈಚೆಗೆ ನಮ್ಮ ಡಿಗ್ರಿಯೂ ಆಡಿದ್ದು ಹೀಗೇ. 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ವಾಪಸ್ ಮೂರಕ್ಕೆ ಬಂತು. ಎಣಿಸುವವರು ಸೊನ್ನೆಯಿಂದ ಶುರುಮಾಡಿ.)

ಕೆಮಿಸ್ಟ್ರಿ ಲ್ಯಾಬಿನ ಕಥೆ ಬೇರೆ. ಆಕ್ಸಾಲಿಕ್ ಆಮ್ಲಕ್ಕೆ ಪರ್ಮಾಂಗನೇಟ್ ಬಿಡುವ ಟೈಟ್ರೇಷನ್ ಮಾಡಿದವರಿಗೆ ಗೊತ್ತಿರುತ್ತದೆ, ಗುಲಾಬಿ ಬಣ್ಣ ಹೋಗದೆ ನಿಂತರೆ ಕೆಲಸ ಮುಗಿದ ಹಾಗೆ, ಆದರೆ ಬಿಸಿಮಾಡಿದ ದ್ರಾವಣಕ್ಕೆ ಬೀಳುವ ಮೊದಲ ಹನಿ ಬಲು ಮೋಸದ್ದು. ಬಣ್ಣ ಹೋಗುವುದೇ ಇಲ್ಲ. ಗುಲಾಬಿಯಾಗಿ ಸುಮ್ನೆ ನಿಂತಿರುತ್ತದೆ. ಒಂಚೂರು ಕಾದರೆ ತಾನೇ ಮಾಯವಾಗುತ್ತದೆ. ಆಗ ಹುಟ್ಟುವ ಮ್ಯಾಂಗನೀಸೇ ಮುಂದಿನ ಕೆಲಸ ಚುರುಕು ಮಾಡುವುದರಿಂದ ಆಮೇಲಿನ ಹನಿಗಳು ಬಿದ್ದಕೂಡಲೇ ಕರಗುತ್ತವೆ. ಕಾಯುವ ಜಾಯಮಾನ ನಮ್ಮ ಬ್ಯಾಚಿನ ಹುಡುಗಿಯೊಬ್ಬಳಿಗೆ ಇರಲಿಲ್ಲ. ಗುಲಾಬಿ ಕಂಡಿತು, ಬ್ಯುರೆಟ್ ಮುಚ್ಚಿದಳು, 0.1 ಮಿ.ಲೀ. ಅಂತ ಬರೆದಳು. ಅಕ್ಕಪಕ್ಕದವರದ್ದೆಲ್ಲ 10ರ ಆಸುಪಾಸು. ಮೇಡಂ ಬಂದು ನೋಡಿ, "ಪರವಾಗಿಲ್ಲ ಕಣಮ್ಮಾ, ಲ್ಯಾಬಿಗೆ ಒಳ್ಳೆ ಉಳಿತಾಯ" ಅಂದು ಮುಂದಿನ ಟೇಬಲ್‌ಗೆ ಹೋದರು. ಅವಳಿಗೆ ಅದು ಹೊಗಳಿಕೆಯೋ ಬೈಗುಳವೋ ಡಿಗ್ರಿ ಮುಗಿದರೂ ಗೊತ್ತಾಗಲಿಲ್ಲ.

ಇವೆಲ್ಲ ಸಣ್ಣಪುಟ್ಟವು. ನನ್ನ ಹಣೆಯಲ್ಲಿ ಬರೆದಿದ್ದು ನ್ಯೂಟನ್ಸ್ ರಿಂಗ್ಸ್, ಬೆಳಕಿನ ಉಂಗುರ ಅಳೆದು ಆ 5893 ತರುವ ಪ್ರಯೋಗ.

ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದ ಕತ್ತಲ ಕೋಣೆ. ಗಾಜಿನ ಪಟ್ಟಿಯ ಮೇಲೆ ಮಸೂರ, ಅದರ ಮೇಲೆ ಸೋಡಿಯಂ ದೀಪದ ಹಳದಿ ಬೆಳಕು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಒಂದರೊಳಗೊಂದು ಉಂಗುರಗಳು. ನೋಡೋಕೆ ಬಲು ಚಂದ, ಎಣಿಸೋಕೆ ಪ್ರಾಣಸಂಕಟ. ಎಡಗಡೆಯ ಇಪ್ಪತ್ತನೇ ಉಂಗುರದಿಂದ ಹೊರಟು, ಸ್ಕ್ರೂ ತಿರುಗಿಸುತ್ತಾ ನಡುಭಾಗ ದಾಟಿ ಬಲಗಡೆಯ ಇಪ್ಪತ್ತನೆಯದಕ್ಕೆ ಬರಬೇಕು. ಒಂದೇ ದಿಕ್ಕಿಗೆ. ಉಂಗುರ ತಪ್ಪಿತು ಅಂತ ಒಂಚೂರು ಹಿಂದೆ ತಿರುಗಿಸಿದಿರೋ, ಸ್ಕ್ರೂವಿನ ಸಡಿಲದಿಂದ ಲೆಕ್ಕ ಕೆಡುತ್ತದೆ.

ನಾನು ಬಲಗಡೆಯ ಹದಿನಾಲ್ಕರಲ್ಲಿದ್ದಾಗ ಕರೆಂಟ್ ಹೋಯಿತು. ಮಳೆಗಾಲದ ಮಲೆನಾಡು, ಹೋಗದಿದ್ದರೆ ಆಶ್ಚರ್ಯ. ಮೈಕ್ರೋಸ್ಕೋಪ್ ಎಲ್ಲಿಗೆ ನಿಂತಿದೆಯೋ ಅಲ್ಲೇ ಇರುತ್ತದೆ, ಚಿಂತೆಯಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಕತ್ತಲಲ್ಲಿ ಟಾರ್ಚ್ ಹುಡುಕುತ್ತಿದ್ದವರ ಮೊಣಕೈ ಟೇಬಲ್‌ಗೆ ತಾಗಿದ ಸದ್ದು ಕೇಳಿತು. ಯಾರದ್ದು ಅಂತ ಇವತ್ತಿಗೂ ಯಾರೂ ಒಪ್ಪಿಲ್ಲ. ಕರೆಂಟ್ ಬಂದ ಮೇಲೂ ಸೋಡಿಯಂ ದೀಪಕ್ಕೆ ಅವಸರವಿಲ್ಲ. ಒಳಗಿರುವ ನಿಯಾನ್ ಮೊದಲು ಉರಿದು ಕೆಂಪಗೆ ಕಾಣುತ್ತದೆ, ಸೋಡಿಯಂ ಬಿಸಿಯಾಗಿ ಆವಿಯಾದ ಮೇಲಷ್ಟೇ ಹಳದಿ. ಆ ಹಳದಿ ಬರುವವರೆಗೂ ಕಾದು, ಕಣ್ಣಿಟ್ಟು ನೋಡಿದರೆ ಉಂಗುರಗಳೇ ಇಲ್ಲ. ಮಸೂರ ಪಕ್ಕಕ್ಕೆ ಸರಿದು ಕೂತಿತ್ತು.

ಪರೀಕ್ಷೆಯಲ್ಲೂ ಚೀಟಿ ಎತ್ತಿದಾಗ ಅದೇ ಬಂತು. ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್, ವಯಸ್ಸಾದ ಮೇಷ್ಟ್ರು, ಪಕ್ಕಕ್ಕೆ ಬಂದು ನಿಂತರು.

"ನಡುವೆ ಯಾಕಪ್ಪಾ ಕಪ್ಪಾಗಿರುತ್ತೆ?"

ಇದು ಎಲ್ಲರೂ ಕೇಳುವ ಪ್ರಶ್ನೆ. ಒಂದೇ ಉಸಿರಿಗೆ ಒಪ್ಪಿಸಿದೆ. ಅಲ್ಲಿ ಗಾಳಿಯ ಪದರದ ದಪ್ಪ ಸೊನ್ನೆ, ಕೆಳಗಿನ ಗಾಜಿಗೆ ಬಡಿದು ಬರುವ ಬೆಳಕಿಗೆ ಅರ್ಧ ತರಂಗದ ವ್ಯತ್ಯಾಸ, ಅದಕ್ಕೆ ಕಪ್ಪು ಸರ್.

ಅವರು ಕನ್ನಡಕ ಹಣೆಗೇರಿಸಿ ಮೈಕ್ರೋಸ್ಕೋಪಿಗೆ ಬಗ್ಗಿದರು. "ಇಲ್ಲಿ ಬೆಳಕಿದೆಯಲ್ಲಯ್ಯಾ?"

ಇತ್ತು. ಹಳದಿ ಚುಕ್ಕೆ ಫಳಫಳ ಹೊಳೆಯುತ್ತಿತ್ತು. ನನಗಿಂತ ಮೊದಲು ಬಾಯಿಬಿಟ್ಟಿದ್ದು ಬಾಗಿಲ ಹತ್ತಿರ ನಿಂತಿದ್ದ ಅಟೆಂಡರ್ ಅಣ್ಣ. "ಅದು ಧೂಳು ಸರ್, ಒರೆಸ್ಕೊಡ್ಲಾ?" ಧೂಳು ನಡುವೆ ಸಿಕ್ಕಿಕೊಂಡರೆ ಮಸೂರ ಗಾಜನ್ನು ಮುಟ್ಟುವುದಿಲ್ಲ, ನಡುಭಾಗ ಬೆಳಗಲೂಬಹುದು. ಅವರು ಫಿಸಿಕ್ಸ್ ಓದಿದವರಲ್ಲ, ಆದರೆ ಆ ಮಸೂರವನ್ನು ಅವರಷ್ಟು ಸಲ ಒರೆಸಿದವರು ಯಾರೂ ಇರಲಿಲ್ಲ.

ಎಕ್ಸ್‌ಟರ್ನಲ್ ನಕ್ಕರು. "ಬೇಡ ಬಿಡಪ್ಪಾ. ಉಂಗುರಗಳ ವ್ಯಾಸದ ವರ್ಗಗಳನ್ನ ಒಂದರಿಂದ ಒಂದು ಕಳೀತೀವಲ್ಲ, ಧೂಳಿದ್ರೂ ಉತ್ತರ ಕೆಡೋದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಯಾವೂರು ನಿಂದು?" ಅಂದರು.

"ತೀರ್ಥಹಳ್ಳಿ ಹತ್ರ ಸರ್."

"ಹೌದಾ? ಈಗ ಅಡಿಕೆ ರೇಟ್ ಹೆಂಗಿದೆ?"

"ಯಾವುದು ಸರ್, ಸರಕಾ, ಬೆಟ್ಟೆಯಾ, ರಾಶಿಯಾ?"

ಅವರು ಸ್ಟೂಲ್ ಎಳೆದುಕೊಂಡು ಕೂತರು.