ರೇಸ್ ಗೆದ್ದ ಕಂಪನಿಗಿಂತ ಪಾರ್ಟ್ಸ್ ಕೊಟ್ಟ ಕಂಪನಿ

"ಭಾನುವಾರ ಗೆದ್ದರೆ ಸೋಮವಾರ ಮಾರಾಟ." ಅಮೆರಿಕದ ಕಾರು ಡೀಲರುಗಳ ಬಾಯಲ್ಲಿ 1960ರ ದಶಕದಿಂದ ಓಡಾಡುತ್ತಿರುವ ಮಾತು ಇದು. ಆಗ ಅದರಲ್ಲಿ ಅರ್ಥ ಇತ್ತು. ಟ್ರ್ಯಾಕಿನಲ್ಲಿ ಓಡಿದ ಕಾರೂ ಶೋರೂಮಿನಲ್ಲಿ ನಿಂತ ಕಾರೂ ಅಣ್ಣತಮ್ಮಂದಿರ ಹಾಗೆ ಇರುತ್ತಿದ್ದವು. ಈಗ ಫಾರ್ಮುಲಾ ಒನ್ ಕಾರಿಗೂ ಅದೇ ಕಂಪನಿ ಮಾರುವ ಎಸ್‌ಯುವಿಗೂ ಇರುವ ಸಂಬಂಧ ಲೋಗೋ ಮಟ್ಟದ್ದು, ಅಷ್ಟೆ. ಆದರೂ ಮೇಲ್ಮಟ್ಟದ ರೇಸಿಂಗ್‌ಗೆ ಹಣದ ಹೊಳೆ ಹರಿಯುತ್ತದೆ. ಕೆಳಗೆ, ಹವ್ಯಾಸಿಗಳು ಸ್ವಂತ ದುಡ್ಡಲ್ಲಿ ಮಾಡುವ ಕ್ಲಬ್ ರೇಸಿಂಗ್‌ಗೆ ಚಿಲ್ಲರೆ ಸಿಗುತ್ತದೆ.

ಗಿರಾಕಿಯ ನಿಷ್ಠೆ ಬೇಕು ಅನ್ನುವ ಕಂಪನಿ ಹೀಗೆ ಖರ್ಚು ಮಾಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ದೊಡ್ಡ ರೇಸ್ ಗೆದ್ದರೆ ಹೆಸರು ಬರುತ್ತದೆ, ನಿಜ. ಆದರೆ "ಮುಂದಿನ ಕಾರೂ ಇದೇ ಕಂಪನಿಯದ್ದು" ಅಂತ ಒಬ್ಬ ತೀರ್ಮಾನ ಮಾಡುವುದು ಟಿವಿ ನೋಡಿ ಅಲ್ಲ. ತನ್ನ ಕಾರು ಕೆಟ್ಟು ನಿಂತಾಗ ಕಂಪನಿ ಹೇಗೆ ನಡೆದುಕೊಂಡಿತು ಅನ್ನುವುದನ್ನು ನೋಡಿ. ಕ್ಲಬ್ ರೇಸಿಂಗ್‌ನಲ್ಲಿ ಕಾರು ಕೆಡುವುದು ಜಾಸ್ತಿ. ಆದ್ದರಿಂದ ಕಂಪನಿಯ ಬಂಡವಾಳ ಬಯಲಾಗುವುದೂ ಅಲ್ಲೇ.

ತಳಮಟ್ಟದ ಮೋಟಾರ್‌ಸ್ಪೋರ್ಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು, ಒಂದೊಂದೇ ಕಾರು ಬಿಟ್ಟು, ಟೈಮ್ ಅಳೆಯುವುದು ಆಟೋಕ್ರಾಸ್. ಸ್ವಂತ ಕಾರನ್ನು ಟ್ರ್ಯಾಕಿಗೆ ತಂದು, ರೇಸ್ ಇಲ್ಲದೆ, ಓಡಿಸೋದು ಕಲಿಯುವುದು ಟ್ರ್ಯಾಕ್ ಡೇ. ಅದಕ್ಕಿಂತ ಮೇಲೆ ಕ್ಲಬ್ ರೇಸಿಂಗ್, ರ‍್ಯಾಲಿ. ಎಲ್ಲ ಕಡೆ ದುಡ್ಡು ಅವರವರದ್ದೇ. ವಾರವೆಲ್ಲ ಆಫೀಸಿನಲ್ಲಿ ಕೂರುವವರು, ವಾರದ ಕೊನೆಗೆ ಕೈಗೆ ಗ್ರೀಸ್ ಮೆತ್ತಿಕೊಳ್ಳುವವರು. ಗೆದ್ದರೆ ಒಂದು ಕಪ್ ಸಿಗುತ್ತದೆ. ಪೆಟ್ರೋಲ್ ಖರ್ಚೂ ವಾಪಸ್ ಬರಲ್ಲ.

ಈ ಜನಕ್ಕೆ ಕಂಪನಿ ಕೊಡುವ ಬೆಂಬಲದಲ್ಲಿ ಎಲ್ಲಕ್ಕಿಂತ ಸುಲಭದ್ದು ಕಂಟಿಂಜೆನ್ಸಿ ಬಹುಮಾನ. ಕಾರಿಗೆ ನಮ್ಮ ಸ್ಟಿಕರ್ ಅಂಟಿಸಿ, ಮೊದಲ ಕೆಲವು ಸ್ಥಾನದಲ್ಲಿ ಬನ್ನಿ, ಇಷ್ಟು ಹಣ ಅಥವಾ ಪಾರ್ಟ್ಸ್ ಕೊಳ್ಳಲು ಇಷ್ಟು ಕ್ರೆಡಿಟ್ ಕೊಡುತ್ತೇವೆ ಅನ್ನುವ ಒಪ್ಪಂದ. ಕೆಟ್ಟದ್ದೇನಲ್ಲ. ಆದರೆ ಅದು ಗೆದ್ದವರಿಗೆ ಮಾತ್ರ. ಇಪ್ಪತ್ತೆರಡನೇ ಸ್ಥಾನದಲ್ಲಿ ಬಂದು, ಗೇರ್‌ಬಾಕ್ಸ್ ಕೂಡ ಒಡೆದುಕೊಂಡವನಿಗೆ ಸ್ಟಿಕರ್ ಮಾತ್ರ ಉಳಿಯುತ್ತದೆ. ನಿಷ್ಠೆ ಬೆಳೆಸಬೇಕಾದದ್ದು ಅವನಲ್ಲಿ ಅಲ್ವಾ? ಗೆಲ್ಲುವವನು ಹೇಗೂ ಖುಷಿಯಾಗೇ ಇರುತ್ತಾನೆ. ನಾಳೆ ಇನ್ನೊಂದು ಕಂಪನಿ ಇನ್ನೂ ದೊಡ್ಡ ಚೆಕ್ ಕೊಟ್ಟರೆ ಅತ್ತ ಹೋಗುವವನೂ ಅವನೇ.

ಜಪಾನಿನ ಮಜ್ದಾ ಕಂಪನಿ ಇದನ್ನು ಬೇಗ ಅರ್ಥ ಮಾಡಿಕೊಂಡಿತು ಅಂತ ನನ್ನ ಅನಿಸಿಕೆ. 1989ರಲ್ಲಿ ಬಂದ ಎಂಎಕ್ಸ್-5, ಅಮೆರಿಕದವರು ಮಿಯಾಟಾ ಅನ್ನುವ ಪುಟ್ಟ ಎರಡು ಸೀಟಿನ ಕಾರು, ಕ್ಲಬ್ ರೇಸಿಂಗ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಹಗುರ, ಹಿಂದಿನ ಚಕ್ರದ ಡ್ರೈವ್, ಎಲ್ಲವೂ ಕೈಗೆ ಎಟಕುವ ಹಾಗೆ ಜೋಡಿಸಿದ್ದು. ಹಳೆಯ ಕಾರುಗಳು ಅಗ್ಗಕ್ಕೆ ಸಿಗತೊಡಗಿದ ಮೇಲೆ ಹವ್ಯಾಸಿಗಳೇ ಸೇರಿ ಸ್ಪೆಕ್ ಮಿಯಾಟಾ ಎಂಬ ವರ್ಗ ಕಟ್ಟಿಕೊಂಡರು. ಒಂದೇ ಥರದ ಸಸ್ಪೆನ್ಷನ್, ಬಿಗಿಯಾದ ನಿಯಮ, ದುಡ್ಡಿಗಿಂತ ಕೈಚಳಕಕ್ಕೆ ಬೆಲೆ. ಕಂಪನಿ ಮಾಡಿದ ಜಾಣತನ ಏನೆಂದರೆ, ರೇಸ್ ಮಾಡುವವರಿಗೆ ಪಾರ್ಟ್ಸ್ ಮಾರಲು ಪ್ರತ್ಯೇಕ ವ್ಯವಸ್ಥೆ ಇಟ್ಟಿತು. ನೀವು ನಿಜಕ್ಕೂ ರೇಸ್ ಮಾಡುತ್ತೀರಿ ಅಂತ ರಿಸಲ್ಟ್ ತೋರಿಸಿದರೆ ಸಾಕು, ರಿಯಾಯಿತಿ ದರದಲ್ಲಿ ಪಾರ್ಟ್ಸ್ ಸಿಗುತ್ತದೆ. ಗೆದ್ದಿರಬೇಕು ಅಂತಿಲ್ಲ. ಫೋನ್ ಎತ್ತುವವರಿಗೂ ರೇಸ್ ಕಾರಿನ ಕಷ್ಟ ಗೊತ್ತಿರುತ್ತದೆ. "ಯಾವ ಹಬ್ ಬೇರಿಂಗ್ ಬಾಳಿಕೆ ಬರುತ್ತದೆ" ಅಂತ ಕೇಳಿದರೆ ಉತ್ತರ ಬರುತ್ತದೆ.

ಮಜ್ದಾದ್ದೇ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. 1991ರಲ್ಲಿ ಫ್ರಾನ್ಸಿನ ಪ್ರಸಿದ್ಧ ಲಿ ಮಾನ್ಸ್ 24 ಗಂಟೆ ರೇಸ್ ಗೆದ್ದ ಮೊದಲ ಜಪಾನೀ ಕಂಪನಿ ಅದು. ಅಷ್ಟು ದೊಡ್ಡ ಹೆಸರು ಇದ್ದರೂ, 2021ರ ಕೊನೆಗೆ ಅಮೆರಿಕದ ಮೇಲ್ಮಟ್ಟದ ಪ್ರೊಟೊಟೈಪ್ ರೇಸಿಂಗ್ (ರೇಸ್‌ಗೆಂದೇ ಕಟ್ಟಿದ ಕಾರುಗಳದ್ದು) ನಿಲ್ಲಿಸಿತು. ಬರೀ ಎಂಎಕ್ಸ್-5ಗಳೇ ಓಡುವ ಎಂಎಕ್ಸ್-5 ಕಪ್ ರೇಸ್ ಮಾತ್ರ ಬಿಡಲಿಲ್ಲ. ಖರ್ಚು ಕಡಿಮೆ ಮಾಡಬೇಕು ಅಂದಾಗ ಹೆಚ್ಚಿನ ಕಂಪನಿಗಳು ಕೆಳಗಿನ ಕೊಂಬೆ ಕಡಿಯುತ್ತವೆ. ಇವರು ಮೇಲಿನದನ್ನು ಕಡಿದರು.

ಬಿಟ್ಟು ಹೋದರೆ ಏನಾಗುತ್ತದೆ ಅನ್ನೋದಕ್ಕೆ ಸ್ಪೋರ್ಟ್ಸ್ ರೆನೋ ಕಥೆ ಹೇಳಲೇಬೇಕು. 1984ರಲ್ಲಿ ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಅನ್ನುವ ಹವ್ಯಾಸಿ ರೇಸಿಂಗ್ ಕ್ಲಬ್ಬು ರೆನೋ ಎಂಜಿನ್ ಹಾಕಿದ ಒಂದು ಸಣ್ಣ ರೇಸ್ ಕಾರು ಹೊರತಂದಿತು. ಎಲ್ಲರಿಗೂ ಒಂದೇ ಥರದ ಕಾರು, ಎಂಜಿನ್‌ಗೆ ಸೀಲ್, ಯಾರೂ ಕೈಯಾಡಿಸುವಂತಿಲ್ಲ. ಜನ ಮುಗಿಬಿದ್ದು ಕೊಂಡರು. ಮೂರೇ ವರ್ಷದಲ್ಲಿ ರೆನೋ ಅಮೆರಿಕದ ಮಾರುಕಟ್ಟೆಯಿಂದಲೇ ಗಂಟುಮೂಟೆ ಕಟ್ಟಿತು. ಎಂಜಿನ್ ಪಾರ್ಟ್ಸ್ ಎಲ್ಲಿಂದ ತರೋದು? ಕ್ಲಬ್ಬಿನವರು ಅದೇ ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಫೋರ್ಡ್ ಎಂಜಿನ್ ಕೂರಿಸಿದರು. ವರ್ಗದ ಹೆಸರೇ ಸ್ಪೆಕ್ ರೇಸರ್ ಫೋರ್ಡ್ ಆಯಿತು. ಆ ಕಾರುಗಳು ಇಂದಿಗೂ ಓಡುತ್ತಿವೆ. ಬಿತ್ತಿದ್ದು ರೆನೋ, ಫಸಲು ಕೊಯ್ದದ್ದು ಫೋರ್ಡ್. ಈಗ ಅದನ್ನು ಓಡಿಸುವ ಹುಡುಗರಲ್ಲಿ ಎಷ್ಟೋ ಜನಕ್ಕೆ ರೆನೋ ಸಂಬಂಧವೇ ಗೊತ್ತಿರಲಿಕ್ಕಿಲ್ಲ.

ಫೋರ್ಡ್‌ಗೆ ಈ ಆಟ ಹೊಸದೇನೂ ಅಲ್ಲ. ಹೊಸಬರು ಕಲಿಯುವ ಒಂಟಿ ಸೀಟಿನ ಕಾರುಗಳ ವರ್ಗವಾದ ಫಾರ್ಮುಲಾ ಫೋರ್ಡ್‌ನ ಮೊದಲ ರೇಸ್ ನಡೆದದ್ದು 1967ರಲ್ಲಿ, ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ. ಕೊರ್ಟಿನಾದಂಥ ಸಾಮಾನ್ಯ ಫ್ಯಾಮಿಲಿ ಕಾರಿನ ಎಂಜಿನ್ನು, ರಸ್ತೆ ಟೈರು, ಸರಳ ಚಾಸಿ. ಎಂಜಿನ್ ಅಗ್ಗ, ಆದ್ದರಿಂದ ರೇಸೂ ಅಗ್ಗ. ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಅಯರ್ಟನ್ ಸೆನ್ನಾ 1981ರಲ್ಲಿ ಬ್ರೆಜಿಲ್‌ನಿಂದ ಬಂದು ಮೊದಲು ಕೂತದ್ದು ಇದರಲ್ಲೇ. ಕೆಂಟ್ ಅನ್ನುವ ಆ ಹಳೇ ಎಂಜಿನ್ ರಸ್ತೆ ಕಾರುಗಳಿಂದ ಮರೆಯಾದ ಮೇಲೂ ರೇಸಿಂಗ್‌ನಲ್ಲಿ ಉಳಿಯಿತು. ಅದರ ಬ್ಲಾಕ್‌ಗಳು, ಅಂದರೆ ಎಂಜಿನ್ನಿನ ಎರಕದ ಒಡಲು, ಸಿಗುವುದು ಕಷ್ಟವಾಯಿತು. 2010ರ ಹೊತ್ತಿಗೆ ಎರಡು ಬೆಳವಣಿಗೆ ಆದವು. ಅಮೆರಿಕದಲ್ಲಿ ಅದೇ ವರ್ಗಕ್ಕೆ ಹೋಂಡಾ ಫಿಟ್ ಕಾರಿನ ಎಂಜಿನ್‌ಗೆ ಒಪ್ಪಿಗೆ ಸಿಕ್ಕಿತು. ಅತ್ತ ಫೋರ್ಡ್ ಕೂಡ ನಲವತ್ತು ವರ್ಷ ಹಳೆಯ ವಿನ್ಯಾಸದ ಬ್ಲಾಕನ್ನು ಮತ್ತೆ ಎರಕ ಹೊಯ್ಯತೊಡಗಿತು. ಒಂದಕ್ಕೆ ಇನ್ನೊಂದು ಕಾರಣವೋ ಅಲ್ಲವೋ, ಆ ಬ್ಲಾಕ್ ಮತ್ತೆ ಸಿಕ್ಕಿದ್ದು ಹವ್ಯಾಸಿಗಳಿಗೆ ದೊಡ್ಡ ಉಪಕಾರ. ಇಂಥ ಒಂದು ಎರಕದ ಕಬ್ಬಿಣದ ತುಂಡು ಮಾಡುವ ಕೆಲಸವನ್ನು ಹತ್ತು ಜಾಹೀರಾತು ಮಾಡಲ್ಲ.

ಇನ್ನು ವಾರಂಟಿ. ಇಲ್ಲಿ ಕಂಪನಿಗಳ ಇಬ್ಬಗೆತನ ನೋಡಿದರೆ ನಗು ಬರುತ್ತದೆ. ಜಾಹೀರಾತಿನಲ್ಲಿ ಕಾರು ಟ್ರ್ಯಾಕಿನಲ್ಲಿ ಹೊಗೆ ಎಬ್ಬಿಸುತ್ತದೆ. "ರೇಸಿಂಗ್ ನಮ್ಮ ರಕ್ತದಲ್ಲಿದೆ" ಅಂತ ಹಿನ್ನೆಲೆ ಧ್ವನಿ. ಎಂಜಿನ್ ಹೋಯಿತು ಅಂತ ಸರ್ವೀಸ್ ಸೆಂಟರಿಗೆ ಹೋದರೆ, "ಟ್ರ್ಯಾಕಿಗೆ ಒಯ್ದಿದ್ರಾ ಸಾರ್? ಹಾಗಾದ್ರೆ ವಾರಂಟಿ ಇಲ್ಲ." ಕಂಪನಿಗೂ ಅದರದ್ದೇ ಕಷ್ಟ ಇದೆ, ಒಪ್ಪುತ್ತೇನೆ. ರೇಸ್‌ನಲ್ಲಿ ಒಡೆದದ್ದಕ್ಕೆಲ್ಲ ಪುಕ್ಕಟೆ ಎಂಜಿನ್ ಕೊಡುತ್ತಾ ಕೂರಲು ಆಗಲ್ಲ. ಆದರೆ ಗೆರೆ ಎಲ್ಲಿದೆ ಅಂತ ಮೊದಲೇ ಹೇಳಬಹುದಲ್ಲ? ಹ್ಯುಂಡೈ ಅದನ್ನು ಮಾಡಿ ತೋರಿಸಿದೆ. ಆಸ್ಟ್ರೇಲಿಯಾದಲ್ಲಿ 'ಎನ್' ಅನ್ನುವ ಅದರ ಸ್ಪೋರ್ಟಿ ಕಾರುಗಳ ವಾರಂಟಿ, ಸ್ಪರ್ಧೆಯಲ್ಲದ, ಟೈಮ್ ಅಳೆಯದ ಟ್ರ್ಯಾಕ್ ಓಟಕ್ಕೂ ಅನ್ವಯ ಆಗುತ್ತದೆ. ಸ್ಪರ್ಧೆಗೆ ಇಳಿದರೆ ಇಲ್ಲ. ಗೆರೆ ಸ್ಪಷ್ಟ. 2017ರಲ್ಲಿ ಐ30 ಎನ್ ಬರುವ ತನಕ ಹ್ಯುಂಡೈ ಅಂದರೆ ಉತ್ಸಾಹಿಗಳು ಮುಖ ತಿರುಗಿಸುತ್ತಿದ್ದರು. ಕಾರು ಚೆನ್ನಾಗಿತ್ತು, ಸರಿ. ಆದರೆ "ಓಡಿಸಿ, ನಾವಿದ್ದೇವೆ" ಅಂತ ಕಾಗದದ ಮೇಲೆ ಬರೆದು ಕೊಟ್ಟದ್ದರ ಪಾಲೂ ಸಣ್ಣದಲ್ಲ ಅಂತ ನನ್ನ ನಂಬಿಕೆ.

ಟೊಯೋಟಾ ದಾರಿ ಬೇರೆ. 2007ರಲ್ಲಿ ಸಂಸ್ಥಾಪಕರ ಮೊಮ್ಮಗ ಆಕಿಯೊ ಟೊಯೋಡಾ ಜರ್ಮನಿಯ ನೂರ್ಬುರ್ಗ್‌ರಿಂಗ್ 24 ಗಂಟೆ ರೇಸ್‌ಗೆ ಹೋದಾಗ ಕಂಪನಿಯ ಹೆಸರು ಬಳಸಲು ಆಗಲಿಲ್ಲ. ಗಾಜೂ ಎಂಬ ಹೆಸರಲ್ಲಿ, ಸೆಕೆಂಡ್ ಹ್ಯಾಂಡ್ ಆಲ್ಟೆಜಾ ಕಾರುಗಳಲ್ಲಿ, ತಾನು 'ಮೊರಿಜೊ' ಅಂತ ಹೇಳಿಕೊಂಡು ಓಡಿದರು. ಮುಂದೆ ಕಂಪನಿಯ ಅಧ್ಯಕ್ಷರಾದರು, ಆ ಗಾಜೂನೇ ಇವತ್ತಿನ ಜಿಆರ್ (ಗಾಜೂ ರೇಸಿಂಗ್), ಟೊಯೋಟಾದ ಸ್ಪೋರ್ಟಿ ಕಾರುಗಳ ಬ್ರ್ಯಾಂಡ್ ಆಯಿತು. ಇವತ್ತು ಅಮೆರಿಕದಲ್ಲಿ ಜಿಆರ್86 ಕೊಂಡವರಿಗೆ ನಾಸಾದ ಒಂದು ವರ್ಷದ ಸದಸ್ಯತ್ವವೂ, ತರಬೇತಿ ಇರುವ ಒಂದು ಟ್ರ್ಯಾಕ್ ದಿನವೂ ಉಚಿತ. (ರಾಕೆಟ್ ಹಾರಿಸುವ ನಾಸಾ ಅಲ್ಲ ಮಾರಾಯ್ರೇ, ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್.) ಕಾರಿನ ಜೊತೆ ಅದನ್ನು ಓಡಿಸುವ ಜನರ ಗುಂಪನ್ನೂ ಪರಿಚಯ ಮಾಡಿಕೊಟ್ಟ ಹಾಗಾಯಿತು. ಒಮ್ಮೆ ಆ ಗುಂಪು ಸೇರಿದರೆ ಕಾರು ಬದಲಾಯಿಸುವುದು ಕಷ್ಟ. ಗೆಳೆಯರೆಲ್ಲ ಅದೇ ಕಾರಿನವರು. ಸ್ಪ್ಯಾನರ್ ಸಾಲ ಸಿಗುವುದು, ಬಿಡಿ ಚಕ್ರ ಸಿಗುವುದು, ಸಲಹೆ ಸಿಗುವುದು ಎಲ್ಲವೂ ಅಲ್ಲೇ.

ಜಪಾನಿನಲ್ಲಿ ಇನ್ನೂ ಸರಳವಾದ ಒಂದು ಪದ್ಧತಿ ಇದೆ. ನಂಬರ್ ಪ್ಲೇಟ್ ಇರುವ ಕಾರುಗಳ ರೇಸ್. ಟೊಯೋಟಾ ವಿಟ್ಸ್ ಕಾರಿಗೆ 2000ದಲ್ಲಿ, ಮಜ್ದಾ ರೋಡ್‌ಸ್ಟರ್‌ಗೆ (ಎಂಎಕ್ಸ್-5ರ ಜಪಾನಿನ ಹೆಸರು) 2002ರಲ್ಲಿ ಶುರುವಾಯಿತು. ಅದೇ ಕಾರಿನಲ್ಲಿ ಟ್ರ್ಯಾಕಿಗೆ ಹೋಗು, ರೇಸ್ ಮಾಡು, ಅದೇ ಕಾರಿನಲ್ಲಿ ಮನೆಗೆ ಬಾ. ಟ್ರೇಲರ್ ಬೇಡ, ಟ್ರಕ್ ಬೇಡ.

ಟ್ರಕ್ ಅಂದಾಗ ನೆನಪಾಯಿತು. ನನ್ನ ವಾದಕ್ಕೆ ನಾನೇ ಒಂದು ಪೆಟ್ಟು ಕೊಡಬೇಕು. ಅಮೆರಿಕದ ಕ್ಲಬ್ ರೇಸ್‌ಗಳ ಪ್ಯಾಡಕ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ, ಸಾಲಾಗಿ ಮಿಯಾಟಾಗಳು ನಿಂತಿರುತ್ತವೆ. ಅವನ್ನು ಎಳೆದು ತಂದದ್ದು ಯಾವುದು? ಫೋರ್ಡ್, ಶೆವರ್ಲೆ, ರ‍್ಯಾಮ್ ಪಿಕಪ್‌ಗಳು. ಮಜ್ದಾ ಅಲ್ಲಿ ಪಿಕಪ್ ಮಾರುವುದೇ ಇಲ್ಲ. ಅಂದರೆ ರೇಸರ್‌ನ ಮನೆಯಲ್ಲಿ ಹೊಸದಾಗಿ ಕೊಂಡ ದುಬಾರಿ ಗಾಡಿ ಬೇರೆ ಕಂಪನಿಯದ್ದು, ಮಜ್ದಾಕ್ಕೆ ಸಿಕ್ಕಿದ್ದು ಎಂದೋ ಮಾರಿದ ಹಳೇ ಕಾರಿನ ಮೇಲಿನ ಪ್ರೀತಿ. ಈ ಪ್ರೀತಿ ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿ ಬರುತ್ತದೆ ಅಂತ ಲೆಕ್ಕದವರು ಕೇಳಿದರೆ ಉತ್ತರ ಕೊಡೋದು ಕಷ್ಟ.

ಇನ್ನೊಂದು ಪೆಟ್ಟು ಬಿಎಂಡಬ್ಲ್ಯು ಇ30, ಅಂದರೆ 1980ರ ದಶಕದ 3 ಸೀರೀಸ್ ಕಾರಿನ ಕಡೆಯಿಂದ. ಸ್ಪೆಕ್ ಇ30 ಅನ್ನುವ ವರ್ಗ ಹವ್ಯಾಸಿಗಳೇ ಕಟ್ಟಿಕೊಂಡದ್ದು. ಕಾರು ಗಟ್ಟಿ, ಹಳೆಯದಾದ ಮೇಲೆ ಅಗ್ಗ, ಓಡಿಸಲು ಮಜಾ. ಸಾಕಾಯಿತು. ಹಾಗಾದರೆ ಬೆಂಬಲದಿಂದ ನಿಷ್ಠೆ ಹುಟ್ಟುತ್ತದೋ, ನಿಷ್ಠೆ ಮೊದಲೇ ಇದ್ದ ಕಡೆ ಕಂಪನಿ ಬಂದು ಸೇರಿಕೊಳ್ಳುತ್ತದೋ? ಎರಡನೆಯದೇ ಜಾಸ್ತಿ ಸಲ ನಿಜ ಅನಿಸುತ್ತದೆ. ಒಳ್ಳೆ ಕಾರು ಮಾಡುವುದೇ ಮೊದಲ ಬೆಂಬಲ. ಕೆಟ್ಟ ಕಾರಿಗೆ ಕಪ್ ರೇಸ್ ಕಟ್ಟಿದರೆ ಯಾರೂ ಬರಲ್ಲ. ಹುಟ್ಟಿದ ಪ್ರೀತಿ ಕಹಿಯಾಗದ ಹಾಗೆ ನೋಡಿಕೊಳ್ಳುವುದು ಮಾತ್ರ ಕಂಪನಿಯ ಕೈಲಿದೆ. ಹದಿನೈದು ವರ್ಷದ ಕಾರಿಗೆ ಒಂದು ಗ್ಯಾಸ್ಕೆಟ್ ಸಿಗದೆ ಸೀಸನ್ ಪೂರ್ತಿ ಕೂತವನು ಆ ಕಂಪನಿಯ ಹೆಸರು ಹೇಗೆ ಎತ್ತುತ್ತಾನೆ ಅಂತ ಕೇಳಿಸಿಕೊಂಡಿದ್ದೀರಾ? ಆ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಈ ಜನರ ಸಂಖ್ಯೆ ಸಣ್ಣದು ಅನ್ನುವುದು ಮಾರ್ಕೆಟಿಂಗ್‌ನವರ ಮಾಮೂಲಿ ಆಕ್ಷೇಪ. ಸಣ್ಣದೇ. ಆದರೆ ಆಫೀಸಿನಲ್ಲಿ ಕಾರು ಕೊಳ್ಳುವ ಮುಂಚೆ ಎಲ್ಲರೂ ಯಾರನ್ನು ಕೇಳುತ್ತಾರೆ? "ನೀನು ರೇಸ್ ಎಲ್ಲಾ ಮಾಡ್ತೀಯಲ್ಲ, ಯಾವ ಕಾರು ತಗೊಳ್ಳಲಿ ಹೇಳು" ಅಂತ ಈ ಆಸಾಮಿಯನ್ನೇ. ಅವನು ರೇಸ್ ಕಾರಿನ ಬಗ್ಗೆ ಒಂದೂ ಮಾತಾಡದೆ, "ಆ ಕಂಪನಿದು ತಗೋ, ಕೆಟ್ಟರೆ ನೋಡ್ಕೋತಾರೆ" ಅಂದುಬಿಟ್ಟರೆ ಆಯಿತು. ಈ ಮಾತಿನ ಬೆಲೆ ಯಾವ ಸರ್ವೆಯಲ್ಲೂ ಸರಿಯಾಗಿ ಸಿಗಲಿಕ್ಕಿಲ್ಲ, ಆದ್ದರಿಂದಲೇ ಬಜೆಟ್ ಕಡಿತದ ಮೊದಲ ಏಟು ಇದಕ್ಕೇ ಬೀಳುತ್ತದೆ.

ನನಗಿರುವ ನಿಜವಾದ ಆತಂಕ ಎಲೆಕ್ಟ್ರಿಕ್ ಕಾರುಗಳ ಬಗ್ಗೆ. ಮಿಯಾಟಾ, ಇ30, ಫಾರ್ಮುಲಾ ಫೋರ್ಡ್ ಎಲ್ಲ ಹವ್ಯಾಸಿಗಳ ಪಾಲಾದದ್ದು ಅವನ್ನು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಬಹುದು ಅನ್ನುವ ಕಾರಣಕ್ಕೆ. ನೂರಾರು ವೋಲ್ಟಿನ ಬ್ಯಾಟರಿ ಪ್ಯಾಕನ್ನು ಹಾಗೆ ಬಿಚ್ಚೋಕೆ ಆಗಲ್ಲ. ಸಾಫ್ಟ್‌ವೇರ್ ಬೀಗದ ಕೀ ಕಂಪನಿ ಹತ್ತಿರ. ಅಂದರೆ ಇಷ್ಟು ದಿನ ಕಂಪನಿ ಬೆಂಬಲ ಕೊಡದಿದ್ದರೂ ಹವ್ಯಾಸಿಗಳು ಹೇಗೋ ನಡೆಸಿಕೊಂಡು ಹೋಗುತ್ತಿದ್ದರು, ಸ್ಪೋರ್ಟ್ಸ್ ರೆನೋ ವಿಷಯದಲ್ಲಿ ಆದ ಹಾಗೆ. ಇನ್ನು ಮುಂದೆ ಕಂಪನಿ ಮನಸ್ಸು ಮಾಡದಿದ್ದರೆ ಆಟವೇ ಇಲ್ಲ. ಹ್ಯುಂಡೈ ಐಯೋನಿಕ್ 5 ಎನ್ ಕಾರಿಗೆ ಕೊರಿಯಾದಲ್ಲಿ 2024ರಲ್ಲಿ ಒಂದೇ ಮಾದರಿಯ ಕಪ್ ರೇಸ್ ಶುರು ಮಾಡಿದೆ. ಸದ್ಯಕ್ಕೆ ನನ್ನ ಬೆಟ್ ಅವರ ಮೇಲೆ. ಆದರೆ ಪೂರ್ತಿ ನಂಬಲ್ಲ. ಆ ಕಾರು ಹಳೆಯದಾಗಿ, ಅಗ್ಗಕ್ಕೆ ಸಿಕ್ಕು, 2035ರಲ್ಲಿ ಅದರ ಮೂರನೇ ಮಾಲೀಕ ಒಂದೇ ಒಂದು ಬ್ಯಾಟರಿ ಮಾಡ್ಯೂಲ್ ಕೇಳಿಕೊಂಡು ಬಂದಾಗ ಪಾರ್ಟ್ಸ್ ಕೌಂಟರಿನವರು ಏನು ಹೇಳುತ್ತಾರೆ ನೋಡಿ ಆಮೇಲೆ ಮಾತಾಡೋಣ.